ಗೋಡೆ ದಾಟಿದ ಕರ್ಬೂಜ

ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಹ್ಯೂಬರ್ಟ್ ಮಾಸ್ಟ್ರು ಬಲ್ಮಠದ ತಮ್ಮ ಹಿತ್ತಿಲಲ್ಲಿ ಕರ್ಬೂಜದ ಬಳ್ಳಿ ಬೆಳೆಸಿದರು. ಬಳ್ಳಿ ಈಚೆ ಬರಿಯ ಎಲೆ ಬಿಟ್ಟಿತು. ಸೊಂಟದೆತ್ತರದ ಕಲ್ಲುಗೋಡೆ ದಾಟಿ, ಪಕ್ಕದ ಮನೆಯ ಅಂಗಳಕ್ಕಿಳಿದು, ಅಲ್ಲಿ ಒಂದೇ ಒಂದು ಕಾಯಿ ಕಚ್ಚಿತು. ಎಲ್ಲ ತೊಂದರೆಗೂ ಅದೇ ಮೂಲ.

ಆ ಅಂಗಳ ಗ್ಲ್ಯಾಡಿಸಳ ಮನೆಯದು. ಕಂಕನಾಡಿಯ ಆಸ್ಪತ್ರೆಯಲ್ಲಿ ನರ್ಸು, ಅಣ್ಣ ರುಡೊಲ್ಫನ ಜೊತೆ ವಾಸ. ಮದುವೆಯಾಗದೆ ನಲವತ್ತರ ಹತ್ತಿರ ಬಂದಿದ್ದ ಮಾಸ್ಟ್ರಿಗೆ ಅವಳೊಡನೆ ಮಾತಾಡಲು ಇಷ್ಟು ವರ್ಷ ನೆಪವೇ ಸಿಕ್ಕಿರಲಿಲ್ಲ. ಈಗ ದಿನಾ ಸಂಜೆ ಗೋಡೆಯ ಬಳಿ ನಿಂತು, "ಎಷ್ಟು ದೊಡ್ಡದಾಯ್ತು?" ಎಂದು ಕೇಳುತ್ತಿದ್ದರು. ಅವಳು ಎಲೆ ಸರಿಸಿ ತೋರಿಸುತ್ತಿದ್ದಳು. ಅವರು ನೋಡುತ್ತಿದ್ದುದು ಎಲೆ ಸರಿಸುವ ಕೈಯನ್ನು. ಕಾಯಿ ಹಣ್ಣಾಗದಿರಲಿ ಎಂದು ದೇವರಲ್ಲಿ ಬೇಡಿಕೊಂಡವರು ಊರಿಗೆಲ್ಲ ಅವರೊಬ್ಬರೇ.

ಆದರೆ ಹಣ್ಣಾಯಿತು. ಆ ಶನಿವಾರ ಬೆಳಿಗ್ಗೆ ಅದರ ಪರಿಮಳ ಓಣಿಯಿಡೀ ಹರಡಿತು. ಮಾಸ್ಟ್ರ ಹಿತ್ತಿಲಿಗೆ ಮೊದಲು ಬಂದವರು ಹಿಂದಿನ ಮನೆಯ ಸರ್ವೋತ್ತಮ ರಾಯರು, ಕೋರ್ಟಿನ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೆನ್ನಿಗೇ ಅವರ ಹೆಂಡತಿ ಚಂಪಕ್ಕ, ಕೈಯಲ್ಲಿ ಚೂರಿ.

"ಇವತ್ತೇ ಕೊಯ್ಬೇಕು ಮಾಸ್ಟ್ರೇ, ನಾಳೆಗೆ ಒಡೆದು ಹೋಗ್ತದೆ," ಎಂದರು ಚಂಪಕ್ಕ.

"ಇನ್ನೂ ಹಣ್ಣಾಗ್ಲಿಲ್ಲ."

"ಎಂತ ಹಣ್ಣಾಗ್ಲಿಲ್ಲ? ಮೂಗು ಉಂಟಾ ನಿಮಗೆ?"

"ನಮ್ಮ ಅಂಗಳದಲ್ಲಿ ಉಂಟಲ್ಲ, ನಾನೇ ಕೊಯ್ತೇನೆ," ಎಂದು ರುಡೊಲ್ಫ್ ಗೋಡೆಯಾಚೆಯಿಂದ ಚೂರಿಗೆ ಕೈ ಚಾಚಿದ.

ಮಾಸ್ಟ್ರು ನಡುವೆ ನುಗ್ಗಿದರು. ಹಣ್ಣು ಹೋದರೆ ಸಂಜೆಗಳೂ ಹೋದವು. "ಬೇರು ನನ್ನದು! ನಾನು ಹೇಳದೆ ಯಾರೂ ಮುಟ್ಟಬಾರ್ದು!" ಎಂದು ಕೂಗಿಬಿಟ್ಟರು.

ಗದ್ದಲ ಕೇಳಿ ಗ್ಲ್ಯಾಡಿಸ್ ಬಾಗಿಲಿಗೆ ಬಂದು ನಿಂತಳು.

ರಾಯರಿಗೆ ಹಳೆಯ ಕೋರ್ಟು ನೆನಪಾಗಿ ಹುರುಪು ಬಂತು. "ಒಂದು ಹಣ್ಣಿಗೆ ಇಷ್ಟು ಜಗಳವಾ ಮಾರಾಯ್ರೆ! ಬೇರು ಇವರದ್ದು, ನೆಲ ಅವರದ್ದು. ಅರ್ಧ ಅರ್ಧ. ನೀನು ಕೊಯ್ಯಿ ರುಡೊಲ್ಫ್!"

ತಡೆಯಲೆಂದು ಮಾಸ್ಟ್ರು ಪಂಚೆ ಎತ್ತಿಕಟ್ಟಿ ಗೋಡೆ ಹತ್ತಿದರು. ಹಳೆಯ ಗೋಡೆ ವಾಲಿತು. ಕಲ್ಲುಗಳೊಡನೆ ಅವರೂ ಅಕ್ಕಿಮುಡಿಯಂತೆ ಆಚೆ ಉರುಳಿ, ನೇರ ಹಣ್ಣಿನ ಮೇಲೆಯೇ ಕುಳಿತರು.

ಮೈಗೆಲ್ಲ ಬೀಜ, ರಸ ಮೆತ್ತಿದ್ದರೂ ಮಾಸ್ಟ್ರ ಮನಸ್ಸು ಅರಳಿತು. ಗೋಡೆಯಲ್ಲೀಗ ಒಬ್ಬ ಮನುಷ್ಯ ಆರಾಮವಾಗಿ ದಾಟುವಷ್ಟು ಜಾಗವಾಗಿತ್ತು. ಇನ್ನು ನೆಪವೇ ಬೇಡ!

ಆದರೆ ನೆರೆಹೊರೆಯ ನೆಮ್ಮದಿಯ ಚಿಂತೆ ರಾಯರ ತಲೆಗೆ ಹೊಕ್ಕಿತ್ತು. ಮೇಸ್ತ್ರಿ ದುಗ್ಗಪ್ಪನನ್ನು ಕರೆಸಿಯೇ ಬಿಟ್ಟರು. ಸಂಜೆಯೊಳಗೆ ಗೋಡೆ ಮಾಸ್ಟ್ರ ತಲೆಗಿಂತ ಒಂದು ಗೇಣು ಎತ್ತರಕ್ಕೆ ಎದ್ದು ನಿಂತಿತು.

ಎಲ್ಲರೂ ಹೋದ ಮೇಲೆ ಮಾಸ್ಟ್ರು ಹಸಿ ಗಾರೆಯ ಪಕ್ಕ ನಿಂತರು. ಆಚೆ ಯಾರೋ ನೆಲ ತೊಳೆಯುವ ಸದ್ದು.

"ಗ್ಲ್ಯಾಡಿಸ್?"

ಸದ್ದು ನಿಂತಿತು. "ಮಾಸ್ಟ್ರೇ, ನಿಮ್ಮ ಬಳ್ಳಿಯ ತುದಿಯನ್ನು ಈಚೆ ಎಳೆದು ಹಾಕಿದ್ದು ನಾನೇ."

ಅವರು ಹಸಿ ಗಾರೆಗೇ ಕಿವಿ ಒತ್ತಿದರು.

"ನೀವು ದಿನಾ ಬರುದು ನನ್ನನ್ನು ನೋಡ್ಲಿಕ್ಕೆ ಅಂತ ಗ್ರಹಿಸಿದ್ದೆ." ಅವಳ ದನಿ ತಗ್ಗಿತು. "ಇವತ್ತು ಗೊತ್ತಾಯ್ತು, ನಿಮಗೆ ಬೇಕಾದ್ದು ಹಣ್ಣು ಮಾತ್ರ."

ಮಾಸ್ಟ್ರು ಒಳಗೋಡಿ ಸ್ಟೂಲು ತಂದು, ಹತ್ತಿ, ಗೋಡೆಯ ಮೇಲಿಂದ ಇಣುಕಿದರು. ಬಾಗಿಲು ಮುಚ್ಚಿತ್ತು. ಒದ್ದೆ ಅಂಗಳ ಮಾತ್ರ ಕಂಡಿತು.

ಹಿಂದಿನ ಮನೆಯ ಕಿಟಕಿಯಿಂದ ರಾಯರು ಕೂಗಿದರು: "ಎಂತ ಮಾಸ್ಟ್ರೇ, ಇನ್ನೂ ಎರಡು ಸಾಲು ಕಲ್ಲು ಇಡಿಸ್ಬೇಕಾ?"