ಗಾಜಿನ ತಟ್ಟೆಯ ನಾಟಿ

ಗಿರಿಯಮ್ಮನ ಆ ದಿನದ ಫಜೀತಿ ಶುರುವಾದದ್ದು ಹುಣಸೆಬೀಜದಷ್ಟು ಬೋಳು ಜಾಗದಿಂದ.

ಸಂಶೋಧಕ ಬಸವಂತರಾಯರು ಸಿಂಧನೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ತಟ್ಟೆ ತೊಳೆಯುವ ಕೆಲಸ ಗಿರಿಯಮ್ಮನದು. ಐದನೇ ಈಯತ್ತೆಗೆ ಶಾಲೆ ಬಿಟ್ಟು ಏಳು ವರ್ಷ ಕೆಸರುಗದ್ದೆಯಲ್ಲಿ ಬಗ್ಗಿದವಳಿಗೆ ಫ್ಯಾನಿನ ಕೆಳಗೆ ನೆಟ್ಟಗೆ ನಿಂತು ಮಾಡುವ ಈ ಕೆಲಸವೇ ಸ್ವರ್ಗ. ಇದು ತಪ್ಪಿದರೆ ಮತ್ತೆ ನಾಟಿಯೇ ಗತಿ.

"ಇವು ಮೈಸುತ್ತ ಗೋಡಿ ಕಟ್ಕೊಂತಾವ ನೋಡವಾ. ಆ ಗೋಡಿ ಕಟ್ಟಾಕ ಬಿಡದಂಥ ಔಷಧ ಯಾವ ಮಣ್ಣಾಗರ ಐತೇನು ಅಂತ ಹುಡುಕಾಕತ್ತೀನಿ. ಗೋಡಿ ಇಲ್ದಿದ್ರ ಒಡದು ಸಾಯ್ತಾವ," ಎಂದು ರಾಯರು ಒಮ್ಮೆ ಹೇಳಿದ್ದರು. ಸತ್ತರೆ ತಟ್ಟೆ ಹೇಗೆ ಕಾಣುತ್ತದೆ ಎಂದು ಕೇಳಲು ಅವಳಿಗೆ ನಾಚಿಕೆ. ಸುಮ್ಮನೆ ಗೋಣು ಹಾಕಿದ್ದಳು.

ಆ ಬೆಳಿಗ್ಗೆ ರಾಯರು "ತಟ್ಟಿ ಜ್ವಾಕಿ" ಎಂದು ಲಿಂಗಸುಗೂರಿನ ಬಸ್ಸು ಹತ್ತಿದರು. ಗಿರಿಯಮ್ಮ ನೋಡುತ್ತಾಳೆ, ಎಲ್ಲ ತಟ್ಟೆಗಳಲ್ಲೂ ಬಿಳಿ ಬೆಳೆ ಹಾಲಿನ ಕೆನೆಯಂತೆ ಹರಡಿದೆ. ಹತ್ತಿರದ ಮುಕ್ಕುಂದ ಊರಿನ ಗದ್ದೆಯಿಂದ ತಂದ ಮಣ್ಣಿನ ಕಣ ಇಟ್ಟಿದ್ದ ತಟ್ಟೆಯಲ್ಲಿ ಮಾತ್ರ ಆ ಕಣದ ಸುತ್ತ ಬೋಳು!

"ಅಯ್ಯ, ಬೆಳಿ ಹೋತು!" ಪಕ್ಕದ ಮನೆಯ ಮುದುಕಮ್ಮ ಕಿಟಕಿಯಿಂದಲೇ ತೀರ್ಪು ಕೊಟ್ಟಳು. "ನಿನ್ನ ಕೈಯಾಗ ಕೊಟ್ಟು ಹೋಗ್ಯಾರ. ನಿನ್ನ ಮ್ಯಾಲೇ ಬರ್ತೈತಿ."

"ಈಗೇನ್ ಮಾಡ್ಲಿ, ಅತ್ತಿ?"

"ನಾಟಿ ಮಾಡಾಕಿ ನನ್ನ ಕೇಳ್ತಿಯೇನ! ಗದ್ದ್ಯಾಗ ಸಸಿ ಸತ್ರ ಏನ್ ಮಾಡ್ತೀ? ದಟ್ಟ ಇದ್ದಲ್ಲಿಂದ ಕಿತ್ತು ಬೋಳಿದ್ದಲ್ಲಿ ಹಚ್ಚು."

ಗಿರಿಯಮ್ಮ ರಾಯರು ಬ್ಯಾಕ್ಟೀರಿಯಾ ಎತ್ತಿಡುವ ತಂತಿ ಹಿಡಿದು, ತಟ್ಟೆಯಂಚಿನ ಬೆಳೆ ಕಿತ್ತು, ಉಸಿರು ಬಿಗಿಹಿಡಿದು, ಸಾಲು ತಪ್ಪದಂತೆ ಹಚ್ಚಿದಳು. ಮಧ್ಯಾಹ್ನಕ್ಕೆ ಮತ್ತೆ ಬೋಳು. ಎದುರುಮನೆ ಲಾಲ್‌ಬೀಯೂ ಬಂದು ಇಣುಕಿದಳು.

"ಸಸಿಗಿ ಬಲಾ ಇಲ್ಲ ಬೇಟಿ. ಬ್ಯಾರೆ ತಟ್ಟಿದು ತಂದು ಹಚ್ಚು."

ಅದನ್ನೂ ಹಚ್ಚಿದ್ದಾಯಿತು. ನಾಲ್ಕು ಗಂಟೆಗೆ ನೋಡಿದರೆ ಆಡು ಮೇಯ್ದ ಹಾಗೆ! ಲಾಲ್‌ಬೀ ದೃಷ್ಟಿಯೆಂದು ಲೋಬಾನದ ಹೊಗೆ ಹಾಕಿದಳು. ಮೂವರೂ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಮೂರನೇ ನಾಟಿ ಮುಗಿಸಿದರು. ರಾಯರು ಬರುವ ಹೊತ್ತಿಗೆ ತಟ್ಟೆಯ ನಡುವೆ ಮುಡಿ ಕೊಟ್ಟ ತಲೆಯಂಥ ನುಣುಪು.

"ಮೂರು ಸಲ ಹಚ್ಚೀನ್ರಿ ಸರ್, ಒಂದೂ ಹಿಡೀಲಿಲ್ರಿ," ಗಿರಿಯಮ್ಮ ಅತ್ತೇಬಿಟ್ಟಳು.

ರಾಯರು ತಟ್ಟೆಯನ್ನು ಬೆಳಕಿಗೆ ಹಿಡಿದರು. "ಮೂರು ಸಲಾನೂ ಸತ್ವಾ? ಅಂದ್ರ ಔಷಧ ಈ ಮಣ್ಣಾಗ ಐತಿ! ಎವ್ವಾ, ಎರಡು ವರ್ಷದಿಂದ ಈ ಬೋಳು ಹುಡುಕಾಕತ್ತೀನಿ ನಾನು!"

ಚಪ್ಪಲಿ ಮರೆತು ಎಸ್‌ಟಿಡಿ ಬೂತಿಗೆ ಓಡಿದವರು ಪೇಡೆ ಹಿಡಿದು ಬಂದರು. "ನಾನ ಹೇಳಿಕೊಟ್ಟಿದ್ದು," ಎಂದು ಮುದುಕಮ್ಮ ಎರಡು ತೆಗೆದುಕೊಂಡಳು. ಗಿರಿಯಮ್ಮ ಒಂದನ್ನು ಬಾಯಿಗಿಟ್ಟು, ಮೊದಲ ಸಲ ರಾಯರೆದುರು ನಕ್ಕಳು. ಇನ್ನು ತನ್ನ ಕೆಲಸ ಗಟ್ಟಿ.

"ಇನ್ನ ಇಲ್ಲಿ ಹುಡುಕೋದು ಮುಗೀತವಾ," ಎಂದರು ರಾಯರು. "ಮುಂದಿಂದು ಹೈದರಾಬಾದಿನ ದೊಡ್ಡ ಲ್ಯಾಬಿನಾಗ. ನಾಳೆ ಕೋಣಿ ಖಾಲಿ ಮಾಡ್ತೀನಿ."

ಎರಡನೇ ಪೇಡೆಗೆ ಚಾಚಿದ್ದ ಕೈಯನ್ನು ಗಿರಿಯಮ್ಮ ಹಿಂದಕ್ಕೆಳೆದುಕೊಂಡಳು.

ಸೋಮವಾರ ಮುಕ್ಕುಂದದ ಗದ್ದೆ. ಮೊಣಕಾಲು ಕೆಸರು, ತಣ್ಣನೆ ಗಾಳಿ, ಹೆಂಗಸರ ಹರಟೆ. ಹಾಗೆ ನೋಡಿದರೆ ಏನೂ ಬೇಸರವಿರಲಿಲ್ಲ. ಬದುವಿನ ಮೇಲಿಂದ ಮೇಸ್ತ್ರಿ ತಾಯಪ್ಪ ಕೂಗಿದ: "ಏ ಗಿರಿಯಮ್ಮ, ಅಲ್ಲಿ ಬೋಳು ಬಿಟ್ಟೀಯಲ್ಲ, ಹಚ್ಚು!"

ಗಿರಿಯಮ್ಮ ತಲೆ ಎತ್ತದೆ ಹೇಳಿದಳು: "ಇರ್ಲಿ ಬಿಡ್ರಿ. ಯಾರರ ಅದನ್ನ ಹುಡುಕಾಕತ್ತಿರಬೇಕು."