ಟೀವಿ ಕುಸ್ತಿ, ಮಣ್ಣಿನ ಕುಸ್ತಿ, ನಡುವ ಗಿಡ್ಡ್ಯಾನ ಲಗ್ನ

ನಮ್ಮ ಬೋರಗಾಂವದಾಗ ನಾಕ ಮಂದಿ ಕೂಡಿ ಚಾ ಕುಡ್ಯಾಕ ಕುಂತ್ರಂದ್ರ ಮಾತು ಸುತ್ತಿ ಬಳಸಿ ಕುಸ್ತಿಗೇ ಬರ್ತೈತಿ. ಕುಸ್ತಿಗೆ ಬಂತಂದ್ರ ಯಾವನರೆ ಒಬ್ಬನ ಚಾ ಚೆಲ್ಲತೈತಿ. ಚೆಲ್ಲಿದ್ದು ಒರಸೂದರೊಳಗ ಇನ್ನೊಬ್ಬನ ಮರ್ಯಾದಿ ಹೋಗಿರ್ತೈತಿ. ಒಂದ ಸಲ ಆಗಿ ಬಿಟ್ಟಿದ್ರ ನಾ ಯಾಕ ಹೇಳಾಕ ಬರ್ತಿದ್ನಿ? ವಾರ ವಾರ ಆಗತೈತ್ರಿ ಇದು!

ನಾನು, ನನ್ನ ಗೆಳೆಯ ಗಿಡ್ಡ್ಯಾ ಇಬ್ರೂ ಪಾವರಲೂಮಿನ್ಯಾಗ ದುಡಿಯೂ ಹುಡುಗ್ರು. ದಿನಾ ಆ ಖಟಖಟ ಸಪ್ಪಳದಾಗ ಇದ್ದೂ ಇದ್ದೂ ನಮಗ ಮೆತ್ತಗ ಮಾತಾಡಾಕ ಬರೂದಿಲ್ಲ. ಹಂಗಾಗಿ ನಮ್ಮ ವಾದ ಅಂದ್ರ ಊರಿಗೆಲ್ಲಾ ಪುಕ್ಕಟ ರೇಡಿಯೋ. ಗಿಡ್ಡ್ಯಾಗ ಟೀವಿ ಕುಸ್ತಿ ಅಂದ್ರ ಹುಚ್ಚು. ಅವನ ಸೋದರಮಾವ ಹಳೇ ಪೈಲ್ವಾನ, ಊರ ಗರಡಿ ಮನಿ ವಸ್ತಾದ, ಹುಡುಗ್ರಿಗೆ ಕುಸ್ತಿ ಕಲಸಾಂವ. ಅವರಿಗೆ ಟೀವಿ ಕುಸ್ತಿ ಅಂದ್ರ ಮೈಯೆಲ್ಲಾ ಉರಿ. ಈಗ ಫಜೀತಿ ಏನಂದ್ರ, ಗಿಡ್ಡ್ಯಾಗ ಲಗ್ನ ಅಂತ ಆಗೂದಾದ್ರ ಆ ವಸ್ತಾದನ ಮಗಳ ಜೋಡಿನ ಆಗಬೇಕು. ಅಕೀಗೂ ಇವನ ಮ್ಯಾಲ ಮನಸ ಐತಿ. ಯಾಕ ಐತಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ.

ಹಾರಿದಾಂವ ಇಳೀಲಿಲ್ಲ

ಎಲ್ಲಾಕ್ಕಿಂತ ಖರಾಬ ಕುಸ್ತಿ ಶೋ ಯಾವ್ದು ಅಂತ ಯಾರರೆ ಕೇಳಿದ್ರ ನಾ ಕಣ್ಣ ಮುಚ್ಚಿ ಹೇಳ್ತೀನಿ: ನಿಪ್ಪಾಣ್ಯಾಗ ನೋಡಿದ್ದು! ಆವಾಗಿನ್ನಾ ಕೇಬಲ್ ಬಂದಿರಲಿಲ್ಲ. ಒಬ್ಬ ವೀಡಿಯೋದಾಂವ ತಗಡಿನ ಶೆಡ್ಡಿನ್ಯಾಗ ಫಾರಿನ್ ಕುಸ್ತಿ ಕ್ಯಾಸೆಟ್ ಹಚ್ತಿದ್ದ. ನಾವು ಹೈಸ್ಕೂಲ ತಪ್ಪಿಸಿ ಸೈಕಲ್ ತುಳದು ಹೋಗಿದ್ವಿ. ಒಳಗ ಒಲಿ ಮ್ಯಾಲ ಕುಂತಂಗ ಝಳ, ಮುಂದಿನವನ ತಲಿ ಟೀವಿಗಿಂತಾ ದೊಡ್ಡದು.

ಕಡೀ ಕುಸ್ತಿ. ಒಬ್ಬ ಕೆಳಗ ಬಿದ್ದಾನ. ಇನ್ನೊಬ್ಬ, ಅಂವ ಮನಷ್ಯಾನೋ ಕಬ್ಬಿನ ಟ್ರಕ್ಕೋ ತಿಳೀವಲ್ದು, ರಿಂಗಿನ ಮೂಲ್ಯಾಗ ಕಟ್ಟಿದ ಹಗ್ಗದ ಮ್ಯಾಲ ಹತ್ತಿ ನಿಂತ. ಶೆಡ್ಡಿನ ಮಂದಿ ಎಲ್ಲಾ ಎದ್ದು ನಿಂತ್ರು. ಅಂವ ಎರಡೂ ಕೈ ಚಾಚಿದ. ಹಾರಿದ! ಹಾರಿದ ನೋಡ್ರಿ... ಅಷ್ಟರಾಗ ಗರ್ ಅಂತ ಗೆರಿ ಬಂದು, ಮದಿಮಗಳ ತಲಿ ಮ್ಯಾಲ ಅಕ್ಕಿಕಾಳ ಬಿದ್ವು!

ಆ ವೀಡಿಯೋದಾಂವ ಲಗ್ನದ ಶೂಟಿಂಗನೂ ಮಾಡ್ತಿದ್ದ. ಖಾಲಿ ಕ್ಯಾಸೆಟ್ ಸಿಗದಾಗ ಕುಸ್ತಿ ಮ್ಯಾಲ ಯಾರದೋ ಲಗ್ನಾ ತುಂಬಿ ಬಿಟ್ಟಿದ್ದ. ಮಂದಿ ಬೈದ್ರ ಏನಂದ ಗೊತ್ತೇನ್ರಿ? "ಕುಂದರ್ರಿ, ಊಟದ ಪಂಕ್ತಿ ಮುಗದ ಮ್ಯಾಲ ಮತ್ತ ಕುಸ್ತಿ ಬರ್ತೈತಿ!"

ಊಟದ ಪಂಕ್ತಿ ಮುಗದು, ಮದಿಮಗಳು ಅತ್ತು, ಗಾಡಿ ಹೋತು. ಕುಸ್ತಿ ಬರಲಿಲ್ಲ. ಗಿಡ್ಡ್ಯಾ ಅಂತಾನ ಹಾರಿದಾಂವ ಗೆದ್ದ, ನಾ ಅಂತೀನಿ ಬಿದ್ದಾಂವ ಸರದ ಅಂತ. ಇಷ್ಟು ವರ್ಷಾದ್ರೂ ವಾದ ಮುಗದಿಲ್ಲ, ಯಾಕಂದ್ರ ಆ ಪುಣ್ಯಾತ್ಮ ಇನ್ನಾ ಮ್ಯಾಲ ಅದಾನ, ಇಳದಿಲ್ಲ.

ಬೆನ್ನ ಹತ್ತೈತಿ, ನಡೀರಿ

ಮುಂದ ನಮ್ಮ ಕಾಕಾನ ಚಾದಂಗಡಿಗೆ ಕಲರ್ ಟೀವಿ ಬಂತು, ಹಿಂದಿಂದ ಕೇಬಲ್ಲೂ ಬಂತು. ಐತವಾರ ಬಂತಂದ್ರ ಗಿಡ್ಡ್ಯಾ ಎಲ್ಲಾರಿಗಿಂತ ಮುಂದಿನ ಬಾಕಿನ ಮ್ಯಾಲ. ಒಂದ ಐತವಾರ ಗರಡಿ ವಸ್ತಾದ ಚಾಕ ಅಂತ ಒಳಗ ಬಂದ್ರು. ಧೋತರ, ತಲಿ ಮ್ಯಾಲ ಪಟಗಾ, ಎತ್ತಿನಂಥಾ ಹೆಗಲು.

"ಬರ್ರಿ ಮಾಮಾ, ಖರೇ ಕುಸ್ತಿ ನೋಡ್ರಿ," ಅಂದ ಗಿಡ್ಡ್ಯಾ. ಮಗಳನ್ನ ಕೇಳಬೇಕಾದ ಮನಷ್ಯಾನ ಮುಂದ ಹಿಂಗ ಅಂತಾರೇನ್ರಿ?

ವಸ್ತಾದ ಕುಂತ್ರು. ಟೀವ್ಯಾಗ ಕುಸ್ತಿ ಚಾಲೂ ಆತು. ಮೊದಲನೇ ಹೊಡತಕ್ಕ ಒಬ್ಬ ಅಂಗಾತ ಬಿದ್ದ. ಬಿದ್ದದ್ದ ತಡ, ವಸ್ತಾದ ಎದ್ದು ಹೋಗಿ ಟೀವಿ ಬಂದ ಮಾಡಿದ್ರು!

"ಬೆನ್ನ ಹತ್ತೈತಿ. ಕುಸ್ತಿ ಮುಗೀತು. ನಡೀರಿ."

"ಅಯ್ಯ ಮಾಮಾ, ಮುಗದಿಲ್ರಿ!" ಅಂತ ಗಿಡ್ಡ್ಯಾ ಮತ್ತ ಹಚ್ಚಿದ. ಬಿದ್ದಾಂವ ಎದ್ದು ನಿಂತಿದ್ದ. ವಸ್ತಾದ ಟೀವಿ ಕಡೆ ಬಟ್ಟ ಮಾಡಿದ್ರು.

"ಬೆನ್ನಿಗೆ ನೆಲಾ ಹತ್ತಿದ ಮ್ಯಾಲ ಎದ್ದು ನಿಂದರಾಕ ನಾಚಿಕಿಲ್ಲ ಈ ಸೂಳೆಮಗಂಗ? ಅಲ್ಲಾ, ಸೋಲು ಗೆಲುವು ಹೇಳೂ ಆ ಪಂಚ ಯಾಕ ಬಕ್ಕಬಾರ್ಲೆ ಬಿದ್ದು ನೆಲಾ ಬಡ್ಯಾಕತ್ತಾನ?"

"ಎಣಸಾಕತ್ತಾನ್ರಿ. ಮೂರ ಎಣಸೂದರೊಳಗ ಭುಜಾ ಎತ್ತಿದ್ರ ಸೋತಂಗಲ್ಲ."

"ಬೆನ್ನ ಹತ್ತಿದ್ದು ಕಣ್ಣಿಗೆ ಕಾಣತೈತಿ. ಎಣಸೂದೇನ ಅದರಾಗ? ಅಂವ ಪಂಚನೋ, ಬಳ್ಳೊಳ್ಳಿ ವ್ಯಾಪಾರಿನೋ?" ಅಂತ ಗುಡುಗಿ, ಅಲ್ಲೆ ಎಲ್ಲಾರ ಮುಂದ ಹೇಳಿ ಬಿಟ್ರು: "ನೋಡ ಗಿಡ್ಡ್ಯಾ, ಈ ಹೊಲಸ ಬಿಟ್ರ ಮಗಳನ್ನ ಕೊಡ್ತೀನಿ. ಬಿಡಂಗಿಲ್ಲಾ ಅಂದ್ರ, ಈ ಟೀವಿ ಜೋಡೀನ ಲಗ್ನಾ ಆಗ. ಅಕ್ಷತಾ ಹಾಕಾಕ ನಾನ ಬರ್ತೀನಿ!"

ಖರೇ ಕುಸ್ತಿ ಅಂದ್ರ ಇದು

ಖರೇ ಕುಸ್ತಿ ಹೆಂಗಿರ್ತೈತಿ ತೋರಸ್ತೇನಿ ಅಂತ ವಸ್ತಾದ ನಮ್ಮಿಬ್ರನ್ನ ಕರೋಶಿ ಮೈದಾನಕ್ಕ ಕರಕೊಂಡು ಹೋದ್ರು. ಗ್ವಾಡಿ ಗ್ವಾಡಿಗೂ ದೊಡ್ಡ ದೊಡ್ಡ ಪೋಸ್ಟರ: 'ಜಂಗೀ ನಿಕಾಲಿ ಕುಸ್ತಿ'. ನಿಕಾಲಿ ಅಂದ್ರ ಒಬ್ಬ ಬೀಳೂ ತನಕಾ ಬಿಡೂದಿಲ್ಲಂತ.

ಇಬ್ರು ಬಂದ್ರು ನೋಡ್ರಿ, ಇಬ್ರೂ ಹೋರಿ ಇದ್ದಂಗ. ಕೈಗೆ ಕೈ ಮುಟ್ಟಿಸಿ ಸಲಾಮಿ ಆತು, ಒಬ್ರ ಮೈಮ್ಯಾಲ ಒಬ್ರು ಮಣ್ಣ ಉಗ್ಗಿದ್ರು, ಹಲಗಿ ಬಾರಸಾಕ ಹತ್ತಿದ್ರು. ಇಬ್ರೂ ಒಬ್ರ ಕುತಿಗಿ ಒಬ್ರು ಹಿಡದು ನಿಂತ್ರು. ನಿಂತ್ರು. ನಿಂತೇ ನಿಂತ್ರು! ಹಲಗಿಯವರ ಕೈ ಸೋತ್ವು. ಶೇಂಗಾ ಮಾರಾಂವ ಮಾರಿ ಮುಗಿಸಿ ಬುಟ್ಟಿ ಬೋರಲ ಹಾಕ್ಕೊಂಡು ಅದರ ಮ್ಯಾಲ ನಿದ್ದಿ ಹೊಡದ. ಇವರು ನಿಂತೇ ಅದಾರ.

"ನೋಡ್ರಿಲೇ, ತಾಕತ್ತು ಅಳ್ಯಾಕತ್ತಾರ," ಅಂದ್ರು ವಸ್ತಾದ.

ನಾವು ಕುಂತಿದ್ದು ಎಲ್ಲಾರಿಗಿಂತ ಮುಂದ. ಅವರು ಏನ ಅಳ್ಯಾಕತ್ತಾರ ಅಂತ ನನ್ನ ಕಿವಿಗೆ ಕೇಳಾಕತ್ತಿತ್ತು. ಒಬ್ಬ ಕೇಳಿದ, "ನಿನ್ನ ಊಟ ಎಲ್ಲೈತಿ?" ಇನ್ನೊಬ್ಬ ಅಂದ, "ಪಾಟೀಲ್ರ ಮನ್ಯಾಗ, ಮಟನ್ ಮಾಡ್ಯಾರಂತ. ಇಬ್ರೂ ಕೂಡೇ ಹೋಗೂಣು, ತಡಿ."

ಕಡೀಕ ಪಂಚರಿಗೇ ಬ್ಯಾಸರ ಆಗಿ 'ಬರೋಬರಿ' ಅಂತ ಸಾರಿದ್ರು, ಅಂದ್ರ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಇಬ್ಬರಿಗೂ ಪಟಗಾ ಕಟ್ಟಿದ್ರು. ಇಬ್ರೂ ಒಬ್ಬನ ಮೋಟರಸೈಕಲ್ ಹತ್ತಿ ಮಟನ್ ಕಡೆ ಹೋದ್ರು.

ಗಿಡ್ಡ್ಯಾಗ ಬಾಯಿ ಮುಚ್ಚಿ ಕುಂದರಾಕ ಏನಾಗಿತ್ತು? "ಮಾಮಾ," ಅಂದ, "ನಮ್ಮ ಟೀವ್ಯಾಗಿನವ್ರು ಸುಳ್ಳಾದ್ರೂ ಬೀಳ್ತಾರ್ರಿ. ನಿಮ್ಮವ್ರು ಖರೇ ಖರೇ ಬರೇ ನಿಂದರ್ತಾರ."

ಅವತ್ತ ನಾವಿಬ್ರೂ ಕರೋಶಿಯಿಂದ ನಡಕೊಂತ ಬಂದ್ವಿ. ವಸ್ತಾದ ಜೀಪಿನ್ಯಾಗ ಬಂದ್ರು.

ಆಣಿ ಮಾಡಿದಾಂವ ಗ್ವಾಡಿ ನೋಡ್ದ

ಹುಡುಗಿ ಹೇಳಿ ಕಳಿಸಿದ್ಲು: "ನಮ್ಮಪ್ಪ ಅಥಣಿ ಕಡೆ ವರಾ ನೋಡಾಕತ್ತಾನ, ದ್ರಾಕ್ಷಿ ತ್ವಾಟದವರಂತ." ಗಿಡ್ಡ್ಯಾ ಲೂಮ್ ಬಿಟ್ಟು ಎದ್ದ. ಸೀದಾ ಗರಡಿಗೆ ಹೋಗಿ ಹನಮಪ್ಪನ ಮುಂದ ಆಣಿ ಮಾಡಿದ: "ಇನ್ನ ಮುಂದ ಟೀವಿ ಕುಸ್ತಿ ನೋಡೂದಿಲ್ಲ." ವಸ್ತಾದರ ಕಣ್ಣಾಗ ನೀರ ಬಂದ್ವು. ಅಥಣಿ ಮಾತು ಅಲ್ಲೇ ನಿಂತಿತು.

ಮುಂದಿನ ಐತವಾರ ನೋಡ್ತೀನಿ, ಚಾದಂಗಡ್ಯಾಗ ಗಿಡ್ಡ್ಯಾ ಹಾಜರ! ಟೀವಿ ಕಡೆ ಬೆನ್ನ ಮಾಡಿ, ಗ್ವಾಡಿಗೆ ಮೂಗು ಹಚ್ಚಿ ಕುಂತಾನ.

"ಏನಲೇ ಇದು?" ಅಂದೆ.

"ನೋಡೂದಿಲ್ಲ ಅಂತ ಆಣಿ ಮಾಡೇನಿ, ಕೇಳೂದಿಲ್ಲ ಅಂತಲ್ಲ. ನೀ ನೋಡ್ಕೊಂತ ಹೇಳ. ಯಾರ ಬಿದ್ರು? ಲಗೂನ ಹೇಳಲೇ!"

ಅಷ್ಟರಾಗ ವಸ್ತಾದ ಬಂದ್ರು. ಅಳಿಯಾ ಗ್ವಾಡಿ ನೋಡ್ಕೊಂತ ಕುಂತದ್ದು ಕಂಡು ಬೆನ್ನ ಚಪ್ಪರಿಸಿದ್ರು. "ಶಾಬ್ಬಾಸ್! ಮನಸು ಗಟ್ಟಿ ಮಾಡೀದಿ. ಆದ್ರೂ ನಿನ್ನ ಮ್ಯಾಲ ಭರೋಸಿಲ್ಲ. ನಾ ಇಲ್ಲೇ ಕುಂತು ಕಾಯ್ತೀನಿ." ಕುಂತದ್ದು ಎಲ್ಲಿ? ಗಿಡ್ಡ್ಯಾನ ಮಾರಿ ಕಾಣೂವಲ್ಲಿ ಅಲ್ಲ. ಟೀವಿ ಛಲೋ ಕಾಣೂವಲ್ಲಿ!

ಆ ಐತವಾರ ಕಾದ್ರು. ಮರು ಐತವಾರ ನಮಗಿಂತ ಮೊದಲ ಬಂದು ಕಾದ್ರು. ಅದರ ಮುಂದಿನ ಐತವಾರ ಬಾಕಿನ ಮ್ಯಾಲ ಕುಕ್ಕರಗಾಲಲೆ ಕುಂತು, "ಕಾಲ ಹಿಡೀಲೇ ಹೇತ್ಲಾಂಡಿ! ಒಂದಾತು, ಎರಡಾತು, ಭುಜಾ ಎತ್ತಲೇ! ಎತ್ತಿದ! ಎತ್ತಿದ!" ಅಂತ ಒದರಾಕ ಹತ್ತಿದ್ರು.

"ಯಾರ್ರಿ ಮಾಮಾ ಎತ್ತಿದ್ದು?" ಅಂದ ಗಿಡ್ಡ್ಯಾ ಗ್ವಾಡಿಗೆ.

"ನೀ ಸುಮ್ನಿರ! ಆಣಿ ಮಾಡೀದಿ!"

ಕಾಕಾ ಚಾ ಸೋಸ್ಕೊಂತ ನನ್ನ ಕಿವ್ಯಾಗ ಅಂದ, "ಬಿಟ್ಟಾಂವ ಗ್ವಾಡಿ ನೋಡಾಕತ್ತಾನ, ಬಿಡಿಸಿದಾಂವ ಟೀವಿ ನೋಡಾಕತ್ತಾನ. ನಾಳೆ ಈ ಮಾವಗೂ ಯಾರರೆ ಆಣಿ ಹಾಕಿಸಿದ್ರ ನಾ ಇನ್ನೊಂದ ಗ್ವಾಡಿ ಕಟ್ಟಸಬೇಕು."

ಒಂದು... ಎರಡು...

ಈಗ ಕೇಳ್ರಿ, ಜುಗೂಳದ ಸುದ್ದಿ! ಕೃಷ್ಣಾ ನದಿ ದಂಡಿ ಮ್ಯಾಲ ಮೈದಾನ, ಕೆಂಪ ಮಣ್ಣ ಹದಾ ಮಾಡಿ ಹರಿವ್ಯಾರ. ನಮ್ಮ ವಸ್ತಾದನ ಅವತ್ತ ಪಂಚ. ಲಗ್ನದ ಮಾತು ಮುಗಿಯೂ ಹಂತಕ್ಕ ಬಂದೈತಿ. ಎರಡೂ ಕಡೆ ಬೀಗರೆಲ್ಲಾ ಅಲ್ಲೇ ಕುಂತಾರಂತ ಗಿಡ್ಡ್ಯಾ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ.

ಒಂದ ಕುಸ್ತ್ಯಾಗ ನಮ್ಮೂರ ಗರಡಿ ಹುಡುಗ ಗೆದ್ದ. ಅಷ್ಟ ಸಾಕಾತು! ತಿಂಗಳಾನುಗಟ್ಟಲೆ ಗ್ವಾಡಿ ನೋಡಿದ ಜೀವ, ಎಲ್ಲಿ ತಡೀತೈತ್ರಿ? ಗಿಡ್ಡ್ಯಾ ಮಂದಿ ತಲಿ ಮ್ಯಾಲ ಹಾಯ್ದು ಮಣ್ಣಿಗೆ ಜಿಗದ. ಟೀವ್ಯಾಗ ಗೆದ್ದಾವ್ರು ಮಾಡಿದಂಗ ಎರಡೂ ಕೈ ಮ್ಯಾಲ ಎತ್ತಿ ನಾಕೂ ದಿಕ್ಕಿಗೆ ತಿರುಗಿದ.

ನಮ್ಮ ಮೈದಾನದಾಗ ಕೈ ಎತ್ತಿ ತಿರುಗಿದ್ರ ಏನರ್ಥ ಹೇಳ್ರಿ? 'ನನ್ನ ಜೋಡಿ ಆಡಾಂವ ಯಾರದೀರಿ, ಬರ್ರಿ' ಅಂತ! ವಸ್ತಾದ ಕಣ್ಣ ಕೆಕ್ಕರಿಸಿದ್ರು. ಇಂವ ಅದನ್ನ ಶಾಬ್ಬಾಸಕಿ ಅನ್ಕೊಂಡು ಕೈ ಇನ್ನಾ ಮ್ಯಾಲ ಎತ್ತಿದ. ಅಷ್ಟರಾಗ ಅಥಣಿ ಕಡೆಯಾಂವ ಒಬ್ಬ ಎದ್ದು ಬಂದ, ದ್ರಾಕ್ಷಿ ತ್ವಾಟದ ವರಾ ಅಲ್ಲ ಮತ್ತ, ಪೈಲ್ವಾನ. ಕಿವಿ ಮುರಿದು ಒಣಕೊಬ್ಬರಿ ಆಗ್ಯಾವ, ತೊಡಿ ಒಂದೊಂದೂ ಗಿಡ್ಡ್ಯಾನಷ್ಟ ಐತಿ. ಬಂದಾಂವನ ಗಿಡ್ಡ್ಯಾನ ಮುಂಗೈ ಹಿಡದ. ಮಂದಿ ಹೋ ಅಂತು. ಕೈ ಕೂಡಿತಂದ್ರ ಮುಗೀತು, ಹಿಂದ ಸರಿಯೂಹಂಗಿಲ್ಲ.

"ಮಾಮಾ, ನಾ ಬರೇ ಖುಷಿಗಿ ಎತ್ತಿದ್ನ್ರಿ!" ಅಂತ ಗಿಡ್ಡ್ಯಾ ಅಳೂ ಮಾರಿ ಮಾಡಿದ.

ಬೀಗರ ಮುಂದ ವಸ್ತಾದರ ಮಾನದ ಪ್ರಶ್ನಿ. ದೊಡ್ಡ ದನಿ ತಗದು ಅಂದ್ರು, "ಓಡಿ ಹೋದಾಂವಗೂ ಮಗಳಿಲ್ಲ, ಬೆನ್ನ ಹತ್ತಿ ಚಿತ್ ಆದಾಂವಗೂ ಮಗಳಿಲ್ಲ! ಲಂಗೋಟ ಹಾಕಲೇ!"

"ಮಾಮಾ, ಆಡಿದ್ರ ಮದಿಮಗಾನ ಉಳಿಯೂದಿಲ್ಲರಿ!"

ಯಾರದೋ ಲಂಗೋಟ ತಂದು ಹಾಕಿದ್ರು. ಸಲಾಮಿ ಆದದ್ದ ತಡ, ಗಿಡ್ಡ್ಯಾ ಬಕ್ಕಬಾರ್ಲೆ ಬಿದ್ದು ನೆಲಾ ಅಪ್ಪಿಕೊಂಡ. ಬೆನ್ನ ತೋರಿಸಿದ್ರ ತಾನ ಸೋಲೂದು? ಅಥಣಿಯಾಂವ ಎತ್ತಿ ನೋಡ್ದ, ಎಳದು ನೋಡ್ದ, ಹೊಳ್ಳಸಾಕ ನೋಡ್ದ. ಇಂವ ಹಲ್ಲಿಯಂಗ ಅಂಟ್ಯಾನ. ಹಲಗಿಯವರಿಗೆ ಹುರುಪ ಬಂತು. ಕಡೀಕ ಆ ಪೈಲ್ವಾನ ಸಿಟ್ಟಿಗೆದ್ದು ಲಂಗೋಟಕ್ಕ ಕೈ ಹಾಕಿ, ದ್ವಾಸಿ ಹೊಳ್ಳಿಸಿದಂಗ ಧಪ್ ಅಂತ ಹೊಳ್ಳಿಸಿ ಬಿಟ್ಟ.

ಬೆನ್ನ ಹತ್ತಿತು. ಪೂರಾ ಹತ್ತಿತು. ಕಾಗವಾಡದ ತನಕಾ ಕಾಣೂಹಂಗ ಹತ್ತಿತು!

ಹಲಗಿ ಬಂದ ಆದ್ವು. ಮಂದಿ ಎಲ್ಲಾ ವಸ್ತಾದರ ಮಾರಿ ನೋಡಾಕತ್ತಾರ. ವಸ್ತಾದ ಒಮ್ಮೆ ಅಳಿಯಾನ ನೋಡಿದ್ರು, ಒಮ್ಮೆ ಬೀಗರನ್ನ ನೋಡಿದ್ರು. ಆಮ್ಯಾಲ ಏನ ಮಾಡಿದ್ರು ಗೊತ್ತೇನ್ರಿ? ಧೋತರಾ ಪಟಗಾ ಸಮೇತ ದಬಕ್ಕನ ಮಣ್ಣಾಗ ಬಕ್ಕಬಾರ್ಲೆ ಬಿದ್ದು, ಅಂಗೈಲೆ ನೆಲಾ ಬಡದ್ರು!

"ಒಂದು!" ಧಪ್. "ಎರಡು!" ಧಪ್.

ಎರಡು ಕೇಳಿದ್ದ ತಡ, ಗಿಡ್ಡ್ಯಾ ಪಟ್ಟನ ಭುಜಾ ಎತ್ತಿದ. "ಎತ್ತೇನ್ರಿ ಮಾಮಾ! ಮೂರ ಆಗಿಲ್ರಿ!"

 ಮೂರಕ್ಕ ಎತ್ತಿದ ವಸ್ತಾದರ ಕೈ ಮ್ಯಾಲೇ ಉಳದೈತಿ. ಅಥಣಿ ಪೈಲ್ವಾನ ತಲಿ ಕೆರಕೊಂಡು ಕೇಳಿದ, "ಬೆನ್ನ ಹತ್ತಿ ಆತಲ್ರೀ ವಸ್ತಾದ್ರ, ಏನ ಎಣಸಾಕತ್ತೀರಿ?"

ವಸ್ತಾದ ನಿಧಾನಕ್ಕ ಎದ್ರು. ಮೀಸ್ಯಾನ ಮಣ್ಣ ಝಾಡಿಸಿದ್ರು. ತಮ್ಮ ಪಟಗಾ ತಗದು ಪೈಲ್ವಾನನ ತಲಿಗೆ ಕಟ್ಟಿ ಅಂದ್ರು:

"ಕುಸ್ತಿ ನೀ ಗೆದ್ದೀದಿ, ಹೋಗ. ನಾ ಎಣಿಸಿದ್ದು ಕುಸ್ತಿದಲ್ಲ. ಈ ಮಗನ ಲಗ್ನಕ್ಕ ಎಷ್ಟ ತಿಂಗಳ ಉಳದಾವ ಅಂತ ಎಣಿಸಿದ್ನಿ. ಎರಡ ಉಳದಾವು!"