ಗಾಢ ನಿದ್ದೆಗೆ ತೊಂಬತ್ತೆರಡು ಅಂಕ

ಹಾಸಿಗೆ ಅಂಗಡಿಯ ವೆಬ್‌ಸೈಟಿಗೆ ಬರೆಯುವವನನ್ನು ಆ ಬೆಳಿಗ್ಗೆ ಕಾಡಿದ್ದು ಎರಡೇ ಪದ: ಗಾಢ ನಿದ್ದೆ.

“ಜನ ಅದನ್ನ ಹುಡುಕಿದಾಗ ನಮ್ಮ ದಿಂಬೇ ಮೊದಲು ಕಾಣ್ಬೇಕು,” ಎಂದಿದ್ದರು ಯಜಮಾನರು. “ಸಂಜೆಯೊಳಗೆ ಸ್ಕೋರ್ ಹಸಿರಾದ್ರೆ ನಿನ್ನ ಕೆಲಸ ಕಾಯಂ. ಇರೋದು ಒಂದೇ ಜಾಗ, ನೆನಪಿರ್ಲಿ.”

ಕಾಯಂ ಆಗಲೇಬೇಕಿತ್ತು. ಮಾವ ಮನೆಗೆ ಬಂದು ನೆಲೆಸಿದ ಮೇಲೆ ಅವರ ಗೊರಕೆ ಕೇಳದ ಜಾಗವೆಂದರೆ ಈ ಆಫೀಸೊಂದೇ. ಮರಳಿನ ಲಾರಿ ದಿಬ್ಬ ಹತ್ತುವಂಥ ಗೊರಕೆ. ತುದಿ ಮುಟ್ಟುವುದೇ ಇಲ್ಲ.

ಪುಟ ಹುಡುಕಾಟದಲ್ಲಿ ಎಷ್ಟು ಮೇಲೆ ಬಂದೀತೆಂದು ನೂರಕ್ಕೆ ಅಂಕ ಕೊಡುವ ತಂತ್ರಾಂಶ ತೆರೆದು ಅವನು ಪರೀಕ್ಷೆಗೆ ಕೂತ. ‘ಗಾಢ ನಿದ್ದೆ’ಯನ್ನು ಕೊನೆಯ ಸಾಲಿನಲ್ಲಿಟ್ಟ, ಮೂವತ್ತು, ಕೆಂಪು. ಮೊದಲ ಸಾಲಿಗೆ ತಂದ, ಐವತ್ತು. ಶೀರ್ಷಿಕೆಗೇರಿಸಿದ, ಎಪ್ಪತ್ತು, ಹಳದಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅವನ ನಿಯಮ. ಇಲ್ಲವಾದರೆ ಅಂಕ ಬಂದದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ?

ಲೆಕ್ಕ ಬರೆಯುವ ಅಕ್ಕ ಕುರ್ಚಿ ಸಮೇತ ಉರುಳಿಕೊಂಡು ಬಂದಳು. “ಎಲ್ಲಾ ಸಾಲಲ್ಲೂ ಹಾಕು. ಜಿಪುಣತನ ಯಾಕೆ?”

ಹಾಕಿದ. ‘ಗಾಢ ನಿದ್ದೆಗೆ ಗಾಢ ನಿದ್ದೆಯ ಗಾಢ ನಿದ್ದೆ ದಿಂಬು.’ ಅಂಕ ದೊಪ್ಪನೆ ಬಿತ್ತು.

“ಹತ್ತಿ ತುಂಬಿದ ಹಾಗೆ ತುಂಬಿದ್ರೆ ಇನ್ನೇನಾಗುತ್ತೆ?” ಎಂದು ಅವಳೇ ಬೈದಳು.

ಹೆಚ್ಚಿಗೆ ತುಂಬಿದ್ದನ್ನೆಲ್ಲ ಕಿತ್ತು ಹಾಕಿದ. ಇನ್ನು ಉಳಿದದ್ದು ಚಿತ್ರದ ವಿವರಣೆ. ದಿಂಬಿನ ಫೋಟೋ ಇನ್ನೂ ಬಂದಿರಲಿಲ್ಲ. ಪರೀಕ್ಷೆಗೆ ತಾನೆ, ಯಾರು ನೋಡುತ್ತಾರೆ ಎಂದುಕೊಂಡು ಫೋನಿನಲ್ಲಿದ್ದ ಒಂದನ್ನು ಅಂಟಿಸಿದ: ಸೋಫಾದ ಮೇಲೆ ಬಾಯಿ ತೆರೆದು ಮಲಗಿದ ಮಾವ. ಹೆಂಡತಿಗೆ ಸಾಕ್ಷಿ ತೋರಿಸಲು ತೆಗೆದದ್ದು. ವಿವರಣೆಯಲ್ಲಿ ‘ಗಾಢ ನಿದ್ದೆ’ ಎಂದು ಬರೆದ.

ತೊಂಬತ್ತೆರಡು. ಹಸಿರು.

ಖುಷಿಯಿಂದ ನೀರು ಕುಡಿಯಲು ಎದ್ದುಹೋದ. ಬರುವಷ್ಟರಲ್ಲಿ ಅಕ್ಕ ‘ಪ್ರಕಟಿಸು’ ಒತ್ತಿ, ಪುಟವನ್ನು ತನ್ನ ಬಳಗಕ್ಕೆಲ್ಲ ಕಳಿಸಿಯೂ ಆಗಿತ್ತು.

“ಅಕ್ಕಾ, ಅದು ನಮ್ಮ ಮಾವ.”

“ಒಳ್ಳೇ ಕಳೆ ಇದೆ ಬಿಡು.”

ಅಳಿಸಲು ಹೋದರೆ ಅಂಗಡಿಯ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಎಲ್ಲರಿಗೂ ಆ ಹಿರಿಯರ ದಿಂಬೇ ಬೇಕು. “ಪುಟ ಮುಟ್ಟಿದ್ರೆ ನೋಡು,” ಎಂದರು ಯಜಮಾನರು.

ಮಧ್ಯಾಹ್ನ ಮಾವನೇ ಬಂದರು. ಅವನು ಹಾಸಿಗೆ ರಾಶಿಯ ಹಿಂದೆ ಅಡಗಿದ.

“ಅಳಿಯಂದ್ರೆ, ಕಾಲು ಕಾಣ್ತಿದೆ. ಈ ಫೋಟೋದಲ್ಲಿರೋದು ನಾನೇ ಅಲ್ವೇ?”

“ತಪ್ಪಾಯ್ತು, ಮಾವ.”

“ತಪ್ಪೇನ್ ಬಂತು? ವಾಕಿಂಗ್ ಗೆಳೆಯರೆಲ್ಲ ಹೊಟ್ಟೆ ಉರ್ಕೊಂಡ್ರು. ಎಲ್ಲಿ ಆ ದಿಂಬು?”

ಗಾಜಿನ ಕಿಟಕಿಯ ಹಿಂದೆ ಪ್ರದರ್ಶನಕ್ಕಿಟ್ಟಿದ್ದ ಮಂಚದ ಮೇಲೆ ಅವರು ಕಾಲು ಚಾಚಿದರು. ಅರೆಗಳಿಗೆಯಲ್ಲಿ ಲಾರಿ ದಿಬ್ಬ ಹತ್ತತೊಡಗಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು, ನಕ್ಕರು, ಒಳಗೆ ಬಂದರು, ದಿಂಬು ಕೊಂಡರು.

ಸಂಜೆ ಯಜಮಾನರು ಕೇಳಿದರು: “ಒಂದು ಸಲಕ್ಕೆ ಒಂದೇ ಬದಲಾವಣೆ ಅಂತೀಯಲ್ಲ, ನೀನೇ ಹೇಳು. ಹಸಿರಾಗಿದ್ದು ಯಾವುದರಿಂದ?”

ಸುಳ್ಳು ಹೇಳಿ ಅಭ್ಯಾಸವಿಲ್ಲದವನು, “ಮಾವನಿಂದ,” ಎಂದ.

“ಹಾಗಾದ್ರೆ ಕಾಯಂ ಜಾಗ ಅವರಿಗೇ.”

ಮರುದಿನ ಅವನ ಮೇಜನ್ನು ಮಂಚದ ಪಕ್ಕಕ್ಕೆ ಸರಿಸಿದರು, ಮಾವನನ್ನು ನೋಡಿಕೊಂಡೇ ಬರೆಯಲಿ ಎಂದು. ಸದ್ಯ, ಕಾಯಂ ಆಗದಿದ್ದರೂ ಕೆಲಸವಂತೂ ಉಳಿಯಿತಲ್ಲ ಎಂದುಕೊಂಡು ಅವನು ಮೊದಲ ಸಾಲು ಟೈಪ್ ಮಾಡತೊಡಗಿದ.

ಮಾವ ಒಂದು ಕಣ್ಣು ತೆರೆದರು.

“ಅಳಿಯಂದ್ರೆ, ಕೀಬೋರ್ಡು ಸ್ವಲ್ಪ ಮೆಲ್ಲಗೆ. ಡ್ಯೂಟಿಲಿದ್ದೀನಿ.”